ಮಕ್ಕಳ ಬಿ.ಪಿ.ಯನ್ನೂ ನೋಡಬೇಕು

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಖಾಯಂ ಸ್ಥಾನವಿದೆ. ಹಿರಿಯರು ಸಾಲಾಗಿ ಕುಳಿತು ಬಿ.ಪಿ., ಶುಗರ್ ನೋಡಿಸಿಕೊಳ್ಳುತ್ತಾರೆ. ಜತೆಗೆ ಬಂದ ಮಕ್ಕಳ ತೂಕ, ಹಲ್ಲು, ಕಣ್ಣು ನೋಡಿ ಬಿಸ್ಕತ್ತು ಕೊಟ್ಟು ಕಳುಹಿಸುವುದೇ ಹೆಚ್ಚು. ಮಕ್ಕಳಿಗೆಲ್ಲಿಯ ಬಿ.ಪಿ. ಎಂಬ ಭಾವನೆ ಇದಕ್ಕೆ ಕಾರಣ. ಈ ಭಾವನೆ ತಪ್ಪು.

ಚಿಕ್ಕ ಮಕ್ಕಳಲ್ಲಿ ತೀವ್ರ ರಕ್ತದೊತ್ತಡ ಕಂಡುಬಂದರೆ ಬಹಳಷ್ಟು ಸಲ ಮೂಲ ಮೂತ್ರಪಿಂಡದಲ್ಲಿರುತ್ತದೆ. ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗುವುದು ಅದರಲ್ಲೊಂದು. ನಾಳ ಬಿಗಿದರೆ ಒತ್ತಡ ಏರುತ್ತದೆ ಎಂಬುದನ್ನು ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲೇ ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ನಮ್ಮ ದೇಶದ ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ ಟಕಾಯಾಸು ಎಂಬ, ರಕ್ತನಾಳದ ಗೋಡೆಯ ಉರಿಯೂತದ ಕಾಯಿಲೆ. ತಲೆನೋವು, ಮೂಗಿನಿಂದ ರಕ್ತ, ಫಿಟ್ಸ್ ಕಾಣಿಸಬಹುದು. ಎಷ್ಟೋ ಸಲ ಏನೂ ಕಾಣಿಸುವುದಿಲ್ಲ. ಒಳಗೊಳಗೇ ಹೃದಯ, ಮೂತ್ರಪಿಂಡ ಹಾಳಾಗುತ್ತಿರುತ್ತವೆ.

ಸಮಾಧಾನದ ವಿಷಯವೆಂದರೆ ಇದಕ್ಕೆ ಹೊಟ್ಟೆ ಕೊಯ್ಯದೆಯೂ ಚಿಕಿತ್ಸೆ ಇದೆ. ತೊಡೆಯ ಸಂದಿನ ರಕ್ತನಾಳದಿಂದ ತೆಳು ಕೊಳವೆ ಸೇರಿಸಿ, ಕಿರಿದಾದ ಜಾಗದಲ್ಲಿ ಪುಟ್ಟ ಬಲೂನ್ ಉಬ್ಬಿಸಿ ನಾಳವನ್ನು ಅಗಲಿಸುತ್ತಾರೆ. ಮೂತ್ರಪಿಂಡದ ನಾಳಕ್ಕೆ ಈ ಕ್ರಮ ಬಳಸಿದ್ದನ್ನು ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದರು. ಆದರೆ ಇದು ಮಂತ್ರದಂಡವಲ್ಲ. ಉರಿಯೂತವಿದ್ದರೆ ಮೊದಲು ಔಷಧದಿಂದ ಅದನ್ನು ತಣಿಸಬೇಕು. ನಾಳ ಮತ್ತೆ ಕಿರಿದಾಗಿ ಬಲೂನ್ ಮರುಕಳಿಸಬೇಕಾಗಬಹುದು. ಮಗು ಬೆಳೆಯುವುದರಿಂದ ಸ್ಟೆಂಟ್ ಕೂರಿಸಲು ವೈದ್ಯರು ಹಿಂಜರಿಯುತ್ತಾರೆ. ಕೆಲವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಚಿಕಿತ್ಸೆ ಎಷ್ಟೇ ಮುಂದುವರಿದರೂ ಕಾಯಿಲೆ ಪತ್ತೆಯಾಗದಿದ್ದರೆ ಪ್ರಯೋಜನವಿಲ್ಲ. ಮೂರು ವರ್ಷ ದಾಟಿದ ಮಕ್ಕಳ ರಕ್ತದೊತ್ತಡವನ್ನು ವರ್ಷಕ್ಕೊಮ್ಮೆ ನೋಡಬೇಕೆಂಬುದು ಮಕ್ಕಳ ತಜ್ಞರ ಸಲಹೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ದೊಡ್ಡವರ ತೋಳಿಗೆ ಸುತ್ತುವ ಪಟ್ಟಿಯನ್ನೇ ಮಗುವಿಗೆ ಸುತ್ತಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಾಯಿಲೆ ಇದ್ದರೂ ಇಲ್ಲವೆಂದಾಗುತ್ತದೆ. ಚಿಕ್ಕ ಪಟ್ಟಿಗಳು ಬೇರೆಯೇ ಸಿಗುತ್ತವೆ. ಅಂಕಿಯನ್ನು ವಯಸ್ಸು, ಎತ್ತರಕ್ಕೆ ಹೋಲಿಸಿ ನೋಡಬೇಕು. ಒಮ್ಮೆ ಹೆಚ್ಚು ಬಂದ ಮಾತ್ರಕ್ಕೆ ಪೋಷಕರನ್ನು ಹೆದರಿಸದೆ, ಬೇರೆ ದಿನ ಮತ್ತೆ ನೋಡಿಸಿ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಬೇಕು.

ಸಭಾಗೃಹದ ಅಲಂಕಾರಕ್ಕೆ, ಶಾಲು-ಹಾರಗಳಿಗೆ ಆಗುವ ಖರ್ಚಿನ ಮುಂದೆ ಎರಡು ಚಿಕ್ಕ ಪಟ್ಟಿಗಳ ಬೆಲೆ ಏನೇನೂ ಅಲ್ಲ. ಶಿಬಿರಕ್ಕೆ ಒಬ್ಬ ಮಕ್ಕಳ ತಜ್ಞರನ್ನೂ ಆಹ್ವಾನಿಸಿದರೆ ಕೆಲಸ ಪೂರ್ಣವಾಗುತ್ತದೆ. ತೊಂದರೆ ಪತ್ತೆಯಾದ ಕುಟುಂಬಕ್ಕೆ ಸರಕಾರದ ಆರೋಗ್ಯ ಯೋಜನೆಯ ಕಾಗದಪತ್ರ ತುಂಬಿಸಿ ಕೊಡುವ ಇಬ್ಬರು ಕಾರ್ಯಕರ್ತರಿದ್ದರೆ ಅದು ಸನ್ಮಾನಕ್ಕಿಂತ ದೊಡ್ಡ ಸೇವೆ. ಮುಂದಿನ ಶಿಬಿರದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮುನ್ನ ಪದಾಧಿಕಾರಿಗಳು ಈ ಬಗ್ಗೆ ನಿರ್ಧರಿಸಲಿ.