ಹಳಿಯುಂಟು, ರೈಲು ಬೇಕು: ಬೆಂಗಳೂರಿನ ಮಹಾಜನರಲ್ಲಿ ಒಂದು ಬಿನ್ನಹ



ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲಸಿ, ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆಯನ್ನು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ ಪೂರ್ವಕ್ಕೆ ಬಿದ್ದುದನ್ನು ದಕ್ಷಿಣ ಪಿನಾಕಿನಿಗೂ ಒಪ್ಪಿಸುತ್ತ ಬಂದಿರುವ ನಮ್ಮ ಬೆಂಗಳೂರಿಗೆ, ಒಂದು ಮಗ್ಗುಲಿನಲ್ಲಾದರೂ ‘ಇಲ್ಲಿಗೆ ನಿಲ್ಲು’ ಎನ್ನಬಲ್ಲ ಕಡಲಾಗಲಿ ಮಹಾನದಿಯಾಗಲಿ ಇಲ್ಲವಾದುದರಿಂದ, ಊರು ಎಂಟು ದಿಕ್ಕಿಗೂ ಹರಡಿಕೊಂಡಿತು. 1951ರಲ್ಲಿ ಎಂಟು ಲಕ್ಷವನ್ನು ಮುಟ್ಟದಿದ್ದ ಜನಸಂಖ್ಯೆ 2011ರ ಗಣತಿಯ ವೇಳೆಗೆ ಮಹಾನಗರ ಪಾಲಿಕೆಯ ಎಲ್ಲೆಯೊಳಗೇ 84 ಲಕ್ಷವನ್ನು ದಾಟಿತ್ತು; ಅಲ್ಲಿಂದೀಚೆಗೆ ಬಂದವರೆಷ್ಟೆಂಬುದನ್ನು ಬೆಳಗಿನ ಒಂಬತ್ತು ಗಂಟೆಯ ಬಸ್ಸಿನ ಫುಟ್‌ಬೋರ್ಡೇ ಹೇಳೀತು. ನೋಂದಾಯಿತ ವಾಹನಗಳೋ ಒಂದು ಕೋಟಿಯನ್ನು ಮೀರಿವೆ. 2007ರಲ್ಲಿ ಏಳು ನಗರಸಭೆಗಳನ್ನೂ ನೂರಕ್ಕೂ ಮಿಕ್ಕ ಹಳ್ಳಿಗಳನ್ನೂ ಪಾಲಿಕೆಗೆ ಸೇರಿಸಿದಾಗ ಹಳ್ಳಿಗಳ ಹೆಸರು ಬಡಾವಣೆಗಳಿಗೆ ಬಂದಿತು, ಅವುಗಳ ಬಂಡಿಜಾಡು ಮುಖ್ಯರಸ್ತೆಯೆನಿಸಿಕೊಂಡಿತು.

ಈ ವಾಹನದಟ್ಟಣೆಯ ಸಂಕಟಕ್ಕೆ ನಮ್ಮ ಆಳುವವರಿಗೆ ತೋಚುವ ಔಷಧ ಬಹುಕಾಲದಿಂದ ಒಂದೇ: ರಸ್ತೆಯನ್ನು ಅಗಲಿಸುವುದು, ಅಗಲಿಸಲು ಎಡೆಯಿಲ್ಲದಿದ್ದರೆ ಮೇಲುಸೇತುವೆಯನ್ನು ಕಟ್ಟುವುದು, ಅದೂ ತುಂಬಿದ ಮೇಲೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿಯಲ್ಲಿ ಸುರಂಗವನ್ನು ಕೊರೆಯುವ ಮಾತನಾಡುವುದು. ಈ ಎರಡು ಕೂಡುರಸ್ತೆಗಳಲ್ಲಿಯೂ ಮೇಲುಸೇತುವೆಗಳಿವೆ. ಸಂಜೆ ಆರು ಗಂಟೆಗೆ ಅವುಗಳ ಮೇಲೆ ನಿಂತವರಿಗೆ ಅವುಗಳಿಂದಾದ ಉಪಕಾರವನ್ನು ನಾವು ವಿವರಿಸಬೇಕಾಗಿಲ್ಲ.

ನಮ್ಮ ವಾದವಿಷ್ಟೆ: ಸುರಂಗಕ್ಕೆ ಮುನ್ನ ರೈಲು. ಜೋಲಾರಪೇಟೆಯಿಂದ ಬೆಂಗಳೂರಿನ ದಂಡುಪ್ರದೇಶಕ್ಕೆ ಹಳಿ ಬಂದದ್ದು 1864ರಲ್ಲಿ. ಅನಂತರದ ಕಾಲದಲ್ಲಿ ಮೈಸೂರು, ತುಮಕೂರು, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸೂರು, ನೆಲಮಂಗಲಗಳ ಕಡೆಗೂ ಹಳಿಗಳು ಚಾಚಿಕೊಂಡು, ಇಂದು ಜನರು ದಿನನಿತ್ಯ ಬಂದುಹೋಗುವ ಮುಖ್ಯ ದಿಕ್ಕುಗಳಲ್ಲೆಲ್ಲ ಕಬ್ಬಿಣದ ಹಾದಿಯೊಂದಿದೆ. ಅದರ ಬೆಲೆಯನ್ನು ಬಲ್ಲವರು ಕೋಲಾರದ ಚಿನ್ನದ ಗಣಿಯ ಜನ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಯ ಸಾವಿರಾರು ಮಂದಿ, ಇರುವ ಮನೆಯನ್ನು ಬಿಡಲಾರದೆಯೂ ಇಲ್ಲಿಯ ಬಾಡಿಗೆಯನ್ನು ತೆರಲಾರದೆಯೂ, ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು, ಮಾರಿಕುಪ್ಪಂನಿಂದ ಹೊರಡುವ ಗಾಡಿಯನ್ನೇರಿ, ಸೀಟು ಸಿಕ್ಕವರು ತೂಕಡಿಸುತ್ತ, ಸಿಗದವರು ಬಾಗಿಲ ಬಳಿ ಹಾಳೆ ಹಾಸಿ ಕುಳಿತು, ಬಂಗಾರಪೇಟೆಯ ಮೂಲಕ ಇಲ್ಲಿಗೆ ದುಡಿಯಲು ಬರುತ್ತಿದ್ದಾರೆ. ತಿಂಗಳ ಪಾಸೊಂದು ಇಷ್ಟು ಸಂಸಾರಗಳನ್ನು ಪೊರೆಯುತ್ತಿರುವಾಗ, ಅಂತಹ ಗಾಡಿಗಳು ಬೆರಳೆಣಿಕೆಯಷ್ಟೇ ಇರುವುದು ಏಕೆ?

ಇರುವ ಹಳಿಗಳು ದೂರದೂರಿನ ರೈಲುಗಳಿಂದ ಕಿಕ್ಕಿರಿದಿವೆ ಎಂಬ ಉತ್ತರವನ್ನು ನಾವು ಬಲ್ಲೆವು, ಅದು ಸುಳ್ಳೂ ಅಲ್ಲ. ಆ ಕಾರಣದಿಂದಲೇ ಅಲ್ಲವೇ 148 ಕಿಲೋಮೀಟರುಗಳ ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತದ್ದು, 2022ರ ಜೂನ್ ತಿಂಗಳಲ್ಲಿ ಶಂಕುಸ್ಥಾಪನೆಯೂ ಆದದ್ದು! ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳನ್ನೂ ಇಟ್ಟರು. ಹೆಸರಿಡುವುದರಲ್ಲಿ ತೋರಿದ ತ್ವರೆಯನ್ನು ಹಳಿ ಹಾಸುವುದರಲ್ಲಿ ತೋರಿದ್ದರೆ ಈ ಕರಪತ್ರವನ್ನು ಅಚ್ಚು ಹಾಕಿಸುವ ಖರ್ಚಾದರೂ ನಮಗೆ ಉಳಿಯುತ್ತಿತ್ತು.

2011ರಲ್ಲಿ ಓಡಲಾರಂಭಿಸಿದ ಮೆಟ್ರೋವನ್ನು ನಾವು ಹಳಿಯುವವರಲ್ಲ. ಆದರೆ ಅದು ಊರೊಳಗಿನವರಿಗೆ ಆದಂತೆ ರಾಮನಗರ, ತುಮಕೂರು, ಬಂಗಾರಪೇಟೆಗಳವರಿಗೆ ಒದಗುವಂತಹುದಲ್ಲ. ಇನ್ನು ಬಸ್ಸು. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೆಂದೇ ಒಂದು ಪಥವನ್ನು ಬೇರ್ಪಡಿಸಿದ್ದರು; ಐವತ್ತು ಮಂದಿಯನ್ನು ಹೊತ್ತ ಬಸ್ಸು ಒಬ್ಬನನ್ನು ಹೊತ್ತ ಕಾರಿನ ಹಿಂದೆ ಕಾಯಬೇಕಾಗಿಲ್ಲ ಎಂಬ ನ್ಯಾಯ ಅಲ್ಲಿ ಕೆಲಕಾಲವಾದರೂ ನಡೆದಿತ್ತು. ಅದೂ ಉಳಿಯಲಿಲ್ಲ.

ಆದುದರಿಂದ ಉಪನಗರ ರೈಲಿನ ಒಂದೊಂದು ಮಾರ್ಗವೂ ಯಾವ ತಿಂಗಳಲ್ಲಿ ಓಡುವುದೆಂಬುದನ್ನು ಸರ್ಕಾರವು ಬಹಿರಂಗವಾಗಿ ಸಾರಬೇಕು. ಅಲ್ಲಿಯವರೆಗೆ ಇರುವ ಹಳಿಗಳ ಮೇಲೆಯೇ ಬೆಳಗ್ಗೆ ಸಂಜೆ ಸಮೀಪದೂರುಗಳಿಗೆ ಓಡುವ ಮೆಮು ಗಾಡಿಗಳನ್ನು ಹೆಚ್ಚಾಗಿ ಬಿಡಬೇಕು. ಗಾಡಿ ಬರುವ ವೇಳೆಗೆ ಸ್ಟೇಷನ್ನಿನ ಬಾಗಿಲಲ್ಲಿಯೇ ಬಸ್ಸು ನಿಂತಿರಬೇಕು. ಇಷ್ಟಾಗುವವರೆಗೆ ಸುರಂಗಕ್ಕೆ ಹಣ ತೆಗೆದಿಡಕೂಡದು. ಈ ಹಾಳೆಯನ್ನು ಓದಿದವರು, ತಾವು ಹತ್ತುವ ಸ್ಟೇಷನ್ ಯಾವುದು, ಇಳಿಯುವುದೆಲ್ಲಿ, ಯಾವ ಹೊತ್ತಿನಲ್ಲಿ ಗಾಡಿಯಿದ್ದರೆ ಅನುಕೂಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ರುಜು ಹಾಕಿ, ಒಂದು ಪ್ರತಿಯನ್ನು ತಮ್ಮ ಶಾಸಕರಿಗೂ ಇನ್ನೊಂದನ್ನು ರೈಲ್ವೆಯ ವಿಭಾಗೀಯ ಕಚೇರಿಗೂ ಕಳುಹಿಸಿಕೊಡಬೇಕೆಂದು ಬೇಡುತ್ತೇವೆ.