ಕಣ್ಣಿಗೆ ಗಮ್ಮೇ?



ಕಳೆದ ಭಾನುವಾರ ಪೂಜೆಯ ಬಳಿಕ ಮಂಜೇಶ್ವರದ ಹಿರಿಯ ಕೃಷಿಕರೊಬ್ಬರು ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿದರು. "ಫಾದರ್, ಕಣ್ಣಿನಲ್ಲಿ ಮಾಂಸ ಬೆಳೆದಿದೆ. ಆಪರೇಶನ್ ಮಾಡಿ ಗಮ್ ಹಾಕುತ್ತೇವೆ ಎನ್ನುತ್ತಾರೆ ಡಾಕ್ಟರು. ಕಣ್ಣಿಗೆ ಗಮ್ಮೇ?" ಎಂದು ಕೇಳಿದರು. ಮಾತಿನಲ್ಲಿ ನಗುವಿತ್ತು, ಒಳಗೆ ಹೆದರಿಕೆಯಿತ್ತು.

ಬಿಸಿಲು, ಗಾಳಿ, ಧೂಳಿನಲ್ಲಿ ದುಡಿಯುವವರಿಗೆ ಈ ತೊಂದರೆ ಹೊಸತಲ್ಲ. ಬಿಳಿಗುಡ್ಡೆಯ ಮೇಲಿನ ತೆಳು ಪದರ, ಹೆಚ್ಚಾಗಿ ಮೂಗಿನ ಕಡೆಯಿಂದ, ಕಪ್ಪುಗುಡ್ಡೆಯತ್ತ ರೆಕ್ಕೆಯಂತೆ ಹಬ್ಬುತ್ತದೆ. ವೈದ್ಯರು ಇದನ್ನು ಟೆರಿಜಿಯಂ ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ 'ಅರ್ಮ' ಎಂದು ಹೆಸರು. ಕತ್ತರಿಸುವ ವಿಧಾನವೂ ಅಲ್ಲಿದೆ. ಆದರೆ ಬರೇ ಕತ್ತರಿಸಿ ಬಿಟ್ಟರೆ ಅನೇಕರಲ್ಲಿ ಮತ್ತೆ ಬೆಳೆಯುತ್ತದೆ. ಆದುದರಿಂದ ಅದೇ ಕಣ್ಣಿನ ಮೇಲ್ಭಾಗದಿಂದ ತೆಳು ಪದರದ ಚೂರೊಂದನ್ನು ತೆಗೆದು ಗಾಯದ ಮೇಲೆ ಕೂರಿಸುತ್ತಾರೆ. ನೂಲಿನಿಂದ ಹೊಲಿದರೆ ರೆಪ್ಪೆ ಬಡಿದಾಗಲೆಲ್ಲ ಚುಚ್ಚುತ್ತದೆ.

ಇಲ್ಲಿಯೇ ಫೈಬ್ರಿನ್ ಅಂಟಿನ ಉಪಯೋಗ. ಕೈಗೆ ಕತ್ತಿ ತಾಗಿದಾಗ ರಕ್ತ ತಾನಾಗಿ ಹೆಪ್ಪುಗಟ್ಟುತ್ತದಲ್ಲವೇ? ರಕ್ತದ ಫೈಬ್ರಿನೋಜನ್ ಎಂಬ ಪ್ರೋಟೀನಿಗೆ ಥ್ರಾಂಬಿನ್ ಸೇರಿದಾಗ ಬಲೆಯಂತಹ ಎಳೆಗಳು ಹುಟ್ಟುತ್ತವೆ. ಈ ಎರಡನ್ನೂ ಗಾಯದ ಮೇಲೆ ಕೂಡಿಸಿದರೆ ಪದರ ಬೇಗನೆ ಅಂಟಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ದೇಹವೇ ಅಂಟನ್ನು ಕರಗಿಸುತ್ತದೆ. 2004ರಲ್ಲಿ ಸ್ವೀಡನ್ನಿನ ವೈದ್ಯರು ಹೀಗೆ 'ಕತ್ತರಿಸಿ ಅಂಟಿಸುವ' ವಿಧಾನವನ್ನು ಪ್ರಕಟಿಸಿದರು. ಹೊಲಿಗೆಗಿಂತ ನೋವು ಕಡಿಮೆ, ಸಮಯವೂ ಕಡಿಮೆ. ಆದರೆ ಪದರ ಜಾರುವ ಸಾಧ್ಯತೆಯುಂಟು, ಕಣ್ಣುಜ್ಜಬಾರದು. ಇನ್ನೊಂದು ಮಾತು: ಮನೆಯ ಅಂಟಿಗೂ ಇದಕ್ಕೂ ಸಂಬಂಧವಿಲ್ಲ. ಆ ಬಾಟಲಿಯನ್ನು ಕಣ್ಣಿನ ಔಷಧಿಯ ಹತ್ತಿರ ಇಡಲೇಬೇಡಿ.

"ಈ ಗಮ್ ಎಲ್ಲಿಂದ ಬರುತ್ತದೆ?" ಎಂದು ಹಿರಿಯರು ಕೇಳಿದರು. ರಕ್ತದಿಂದಲೇ, ಎಂದೆವು. ಕೆಲವು ವೈದ್ಯರು ರೋಗಿಯ ಸ್ವಂತ ರಕ್ತವನ್ನೇ ಬಳಸುತ್ತಾರೆ, ಖರ್ಚು ಉಳಿಯುತ್ತದೆ. ಸಿದ್ಧ ಅಂಟನ್ನು ಸಾಮಾನ್ಯವಾಗಿ ದಾನಿಗಳ ಪ್ಲಾಸ್ಮಾವನ್ನು ಪರೀಕ್ಷಿಸಿ, ವೈರಾಣುಗಳನ್ನು ನಾಶಪಡಿಸಿ ತಯಾರಿಸುತ್ತಾರೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಗುರುತಿಲ್ಲದವರ ರಕ್ತ ನನ್ನ ಕಣ್ಣನ್ನು ಕೂಡಿಸುತ್ತದೆ. ಮಗನಿಗೆ ಹೇಳುತ್ತೇನೆ, ಈ ಸಲ ರಕ್ತದಾನ ತಪ್ಪಿಸಬಾರದು" ಎಂದರು.

ಬಂಧುಗಳೇ, ಮಾಂಸ ಪಾಪೆಯನ್ನು ಮುಚ್ಚುವವರೆಗೆ ಕಾಯಬೇಡಿ. ಸೊಪ್ಪಿನ ರಸ ಹಿಂಡಬೇಡಿ. ತೋಟಕ್ಕೆ, ಕಡಲಿಗೆ ಹೋಗುವಾಗ ಟೊಪ್ಪಿ, ತಂಪು ಕನ್ನಡಕ ಇರಲಿ. ಸಂಶಯವಿದ್ದರೆ ನಮ್ಮಲ್ಲಿ ಕೇಳಿ, ಆದರೆ ಕಣ್ಣನ್ನು ವೈದ್ಯರಿಗೇ ತೋರಿಸಿ.