ಬೀಗದ ಕೈ ಯಾರ ಹೆಸರಿನಲ್ಲಿದೆ?

ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರು ನಮ್ಮ ಓದುಗರಿಗೆ ಹೊಸತಲ್ಲ. ನಾವು ಮಲಯಾಳದ ನಡುವೆ ಬಾಳುವಂತೆ ಅಲ್ಲಿನ ಕನ್ನಡಿಗರು ಮರಾಠಿಯ ನಡುವೆ ಬಾಳುತ್ತಿದ್ದಾರೆ. ಆ ಊರಿಗೂ ನಮಗೂ ಇನ್ನೊಂದು ನಂಟು ಬೆಸೆದುಕೊಂಡದ್ದು 2013ರ ಡಿಸೆಂಬರ್ 31ರಂದು. ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಮಾರ್ಗದಲ್ಲಿ ಅಂದು ವಿದ್ಯುತ್ ಹರಿದು, ಕೇರಳವೂ ಸೇರಿರುವ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಒಂದಾಯಿತು.

ಒಂದಾದುದರಿಂದ ಲಾಭವುಂಟು, ಒಂದೆಡೆ ಮಿಕ್ಕಿದ್ದು ಕೊರತೆಯಿದ್ದ ಕಡೆಗೆ ಹರಿಯುತ್ತದೆ. ಆದರೆ ಕಷ್ಟಕ್ಕೂ ದಾರಿ ತೆರೆದಂತಾಯಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣವು ಪಾರಾಗಲು ಈ ಬೆಸುಗೆ ಇನ್ನೂ ಆಗಿರದಿದ್ದುದೂ ಒಂದು ಕಾರಣ.

ಇಂತಹ ಜಾಲದ ಸ್ವಿಚ್ಚುಗಳನ್ನು ಇಂದು ಕಂಪ್ಯೂಟರುಗಳ ಮೂಲಕವೇ ನಡೆಸಲಾಗುತ್ತದೆ. ಕೇಡು ಬಗೆಯುವವನು ಕಂಬ ಹತ್ತಬೇಕಾಗಿಲ್ಲ. ಒಳಹೋಗುವ ಪಾಸ್‌ವರ್ಡ್ ಸಿಕ್ಕಿದರೆ ಸಾಕು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ನಡೆದದ್ದು ಇದೇ. ಸಿಬ್ಬಂದಿಯ ಪಾಸ್‌ವರ್ಡುಗಳನ್ನೇ ಕದ್ದವರು ದೂರದಲ್ಲಿ ಕುಳಿತು ಸ್ವಿಚ್ಚು ತೆರೆದರು; ಎರಡು ಲಕ್ಷಕ್ಕೂ ಮಿಕ್ಕಿ ಗ್ರಾಹಕರಿಗೆ ಗಂಟೆಗಟ್ಟಲೆ ಕತ್ತಲೆ. ನಮ್ಮ ಕೂಡಂಕುಳಂ ಅಣುಸ್ಥಾವರದಲ್ಲಿಯೂ 2019ರಲ್ಲಿ ಆಡಳಿತ ಕೆಲಸಕ್ಕೆಂದು ಇಂಟರ್‌ನೆಟ್ಟಿಗೆ ಜೋಡಿಸಿದ್ದ ಒಂದು ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ಸ್ಥಾವರವನ್ನು ನಡೆಸುವ ಜಾಲವು ಪ್ರತ್ಯೇಕವಾಗಿದ್ದುದರಿಂದ ಅದಕ್ಕೆ ತೊಂದರೆಯಾಗಲಿಲ್ಲವೆಂದು ಅಧಿಕಾರಿಗಳು ತಿಳಿಸಿದರು.

ಇದಕ್ಕೆ ಪರಿಹಾರ ನಮ್ಮ ಲೈನ್‌ಮನ್ನರಿಗೆ ಗೊತ್ತಿರುವುದೇ. ಲೈನ್ ಕ್ಲಿಯರ್ ಸಿಗದೆ ಅವರು ತಂತಿ ಮುಟ್ಟುವುದಿಲ್ಲ. ಅದು ಒಬ್ಬನ ಹೆಸರಿನಲ್ಲಿ, ಒಂದು ಕೆಲಸಕ್ಕೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಹಿಂದಿರುಗಿಸಲೇಬೇಕು. ಪಾಸ್‌ವರ್ಡಿಗೂ ಇದೇ ಕ್ರಮವಿರಲಿ. ಒಬ್ಬನದನ್ನು ಹತ್ತು ಮಂದಿ ಬಳಸಬಾರದು. ಗುತ್ತಿಗೆ ಮುಗಿದವನದು ಅಂದೇ ರದ್ದಾಗಬೇಕು. ಮನೆಯ ಮೊಬೈಲು, ಪೆನ್‌ಡ್ರೈವುಗಳು ನಿಯಂತ್ರಣ ಕೊಠಡಿಯ ಯಂತ್ರಕ್ಕೆ ತಾಗಬಾರದು. ದೂರದಿಂದ ರಿಪೇರಿ ಮಾಡುವ ಕಂಪನಿಯವರಿಗೂ ಕೆಲಸದ ಹೊತ್ತಿಗಷ್ಟೇ, ಕಾವಲಿನೊಡನೆ ಬಾಗಿಲು ತೆರೆಯಬೇಕು.

ಕಾನೂನಿಗೆ ಕೊರತೆಯಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 70ನೆಯ ವಿಧಿಯಂತೆ, ಸರಕಾರವು ಸಂರಕ್ಷಿತವೆಂದು ಸಾರಿದ ವ್ಯವಸ್ಥೆಯೊಳಗೆ ಅನುಮತಿಯಿಲ್ಲದೆ ಹೊಕ್ಕವನಿಗೆ 10 ವರ್ಷದ ವರೆಗೆ ಸೆರೆವಾಸವುಂಟು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2021ರಲ್ಲಿ ಸೈಬರ್ ಭದ್ರತೆಯ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆದರೆ ಅದು ಇಂಗ್ಲಿಷಿನಲ್ಲಿಯೇ ಉಳಿದರೆ ಫಲವೇನು? ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ 1,320 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಕನ್ನಡ, ಮರಾಠಿ, ತೆಲುಗು ಬೆರೆತ ಅಂತಹ ಸೀಮೆಯಲ್ಲಿ ನಿಯಮವನ್ನು ಕೆಲಸಗಾರನ ಮಾತಿನಲ್ಲೇ ತಿಳಿಸಬೇಕು. ಕಾರಣ ಅರಿಯದವನು ಸಹೋದ್ಯೋಗಿಗೆ ಉಪಕಾರವೆಂದೇ ತನ್ನ ಪಾಸ್‌ವರ್ಡ್ ಕೊಟ್ಟುಬಿಟ್ಟಾನು.

ಅಲ್ಪಸಂಖ್ಯಾತರ ಭಾಷೆಯಲ್ಲಿ ಸೂಚನೆ ಕೊಡುವುದನ್ನು ಔದಾರ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಇಲ್ಲಿ ಅದು ರಕ್ಷಣೆಯ ಕೆಲಸವೇ ಆಗಿದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.